ಬೆರಳ ಗುರುತು

ಬಂಗಾರಪೇಟೆಯ ರೈಲ್ವೆ ಜಂಕ್ಷನ್ನಿನಲ್ಲಿ ನಸುಕಿನ ಹೊತ್ತಿಗೆ ನಿಂತು ನೋಡಿದವರು ಅಲ್ಲಿಯ ಒಂದು ದೃಶ್ಯವನ್ನು ಸುಲಭವಾಗಿ ಮರೆಯಲಾರರು. ಮಾರಿಕುಪ್ಪಂನಿಂದ ಹೊರಟ ಗಾಡಿ ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಅಲ್ಲಿಗೆ ಬಂದು ನಿಲ್ಲುವ ವೇಳೆಗೆ ಅದರಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬುತ್ತಿಯ ಚೀಲವನ್ನು ಎದೆಗವಚಿಕೊಂಡ ಗಂಡಸರು, ನಿಂತಲ್ಲೇ ತೂಕಡಿಸುವ ಹೆಂಗಸರು, ಬಾಗಿಲಿಗೆ ಜೋತುಬಿದ್ದ ಹುಡುಗರು. ಎಲ್ಲರೂ ಬೆಂಗಳೂರಿನ ಕಾರ್ಖಾನೆ, ಅಂಗಡಿ, ಕಟ್ಟಡದ ಕೆಲಸಗಳಿಗೆ ಹೊರಟವರು. ಕತ್ತಲೆಯಲ್ಲಿ ಮನೆ ಬಿಟ್ಟು ಕತ್ತಲೆಯಲ್ಲಿ ಮನೆ ಸೇರುವವರು. ಈ ಕವಲು ಹಳಿಯನ್ನು 1894ರಲ್ಲಿ ಹಾಕಿದುದು ಚಿನ್ನದ ಗಣಿಗಳಿಗೆ ಯಂತ್ರಗಳನ್ನೂ ಆಳುಗಳನ್ನೂ ಒಯ್ಯುವುದಕ್ಕಾಗಿ. ಒಂದು ಶತಮಾನ ಕಾಲ ಆಳುಗಳನ್ನು ಒಳಕ್ಕೆ ಸಾಗಿಸಿದ ಹಳಿ 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳನ್ನು ಹೊರಕ್ಕೆ ಸಾಗಿಸತೊಡಗಿತು.

2003ನೆಯ ಇಸವಿಯಲ್ಲಿ ಈ ಜನಪ್ರವಾಹಕ್ಕೆ ಎದುರಾಗಿ, ಬಂಗಾರಪೇಟೆಯಿಂದ ಗಣಿಯೂರಿನ ಕಡೆಗೆ, ಬಹುಮಟ್ಟಿಗೆ ಬರಿದಾದ ಗಾಡಿಯಲ್ಲಿ ಪಯಣಿಸುತ್ತಿದ್ದ ಯುವತಿಯೊಬ್ಬಳಿದ್ದಳು. ಆಕೆಯ ಕೈಚೀಲದಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿಯ ಕಟ್ಟು, ಎರಡು ಪೆನ್ನು, ಒಂದು ನೀರಿನ ಬಾಟಲಿ. ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ಆಕೆ ಸಂಶೋಧನೆ ಕೈಗೊಂಡಿದ್ದಳು. ಚಿನ್ನದ ಗಣಿ ಪ್ರದೇಶದ ದಲಿತರ ರಾಜಕೀಯ ಮನೋಧರ್ಮ ಮತ್ತು ರಾಜಕೀಯದಲ್ಲಿ ಅವರ ಭಾಗವಹಿಸುವಿಕೆ ಎಂಬುದು ವಿಷಯ. ಹೆಸರೇನೋ ಭಾರವಾದುದು; ವಿಶ್ವವಿದ್ಯಾನಿಲಯಗಳಲ್ಲಿ ಹಗುರವಾದ ಹೆಸರುಗಳಿಗೆ ಮನ್ನಣೆ ಕಡಿಮೆ. ಆದರೆ ಅದರೊಳಗಿನ ಪ್ರಶ್ನೆ ಸರಳವಾಗಿತ್ತು. ತಲೆತಲಾಂತರದಿಂದ ಊರ ಹೊರಗೆ ಇರಿಸಲ್ಪಟ್ಟವರ ಕೈಗೆ ಮತ ಎಂಬುದೊಂದು ಬಂದಾಗ, ಅವರು ಅದನ್ನು ಏನು ಮಾಡಿದರು? ಯಾರಿಗೆ ಕೊಟ್ಟರು, ಏಕೆ ಕೊಟ್ಟರು?

ಈ ಪ್ರಶ್ನೆ ಆಕೆಗೆ ಹೊಳೆದುದು ಗ್ರಂಥಾಲಯದಲ್ಲಿ, ಸಮುದ್ರದಾಚೆಯ ದೇಶವೊಂದರ ವಿಷಯವನ್ನು ಓದುತ್ತಿದ್ದಾಗ. ಅಮೆರಿಕೆಯ ಕರಿಯ ಜನರಲ್ಲಿ ಹುಟ್ಟಿದ ಡಬ್ಲ್ಯೂ. ಇ. ಬಿ. ಡುಬಾಯ್ಸ್ 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಆ ಪದವಿಯನ್ನು ಗಳಿಸಿದ ಕರಿಯರಲ್ಲಿ ಅವರೇ ಮೊದಲಿಗರು. ಮರುವರ್ಷ ಅವರು ಫಿಲಡೆಲ್ಫಿಯಾ ನಗರದ ಏಳನೆಯ ವಾರ್ಡಿನ ಬಡ ಬೀದಿಯಲ್ಲಿ ಕೋಣೆ ಹಿಡಿದು, ಮನೆಮನೆಯ ಬಾಗಿಲು ತಟ್ಟಿ ತಮ್ಮ ಜನರ ದುಡಿಮೆ, ಓದು, ಕಾಯಿಲೆ, ಮತದಾನಗಳನ್ನು ಕುರಿತು ವಿಚಾರಿಸಿದರು. 1899ರಲ್ಲಿ ಆ ಶ್ರಮ ಗ್ರಂಥವಾಗಿ ಬಂದಿತು. ತಮ್ಮವನೇ ಆದ ಈ ವಿದ್ವಾಂಸನನ್ನು ಜನ ತೋಳು ಚಾಚಿ ಸ್ವಾಗತಿಸಲಿಲ್ಲ. ತಾವೇನೋ ವಿಚಿತ್ರ ಪ್ರಾಣಿಗಳೆಂಬಂತೆ ಪರೀಕ್ಷೆಗೆ ಒಳಗಾಗುವುದು ಯಾರಿಗೆ ತಾನೆ ಹಿತ? ಅಮೆರಿಕೆಯ ಸಂವಿಧಾನ 1870ರಲ್ಲಿಯೇ ಕರಿಯ ಗಂಡಸರಿಗೆ ಮತದ ಹಕ್ಕನ್ನು ಕೊಟ್ಟಿತ್ತು. ಆದರೆ ದಕ್ಷಿಣದ ರಾಜ್ಯಗಳು ಓದುಬರೆಹದ ಪರೀಕ್ಷೆ, ಮತದ ತೆರಿಗೆ, ಬೆದರಿಕೆ ಮುಂತಾದ ಉಪಾಯಗಳಿಂದ ಅದನ್ನು ಕಸಿದುಕೊಂಡವು. 1965ರ ಮತದಾನ ಹಕ್ಕುಗಳ ಕಾಯಿದೆ ಬರುವವರೆಗೆ ಅಲ್ಲಿಯ ಲಕ್ಷಾಂತರ ಜನಕ್ಕೆ ಆ ಹಕ್ಕು ಕಾಗದದ ಮೇಲಿನ ಮಾತಾಗಿಯೇ ಉಳಿದಿತ್ತು. ಈ ಎರಡು ಜನಾಂಗಗಳ ಪಾಡಿನ ಹೋಲಿಕೆ ಡಾ. ಅಂಬೇಡ್ಕರರ ಗಮನಕ್ಕೂ ಬಂದಿತ್ತು. 1946ರಲ್ಲಿ ಅವರು ಡುಬಾಯ್ಸರಿಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಅಹವಾಲಿನ ಪ್ರತಿಯನ್ನು ಕೇಳಿದರು. ಡುಬಾಯ್ಸರು ಆದರದಿಂದ ಉತ್ತರಿಸಿದರು.

ಇಷ್ಟನ್ನು ಓದಿದ ಆಕೆಗೆ ತನ್ನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಊರು ನೆನಪಾಯಿತು. ಕೋಲಾರದ ಚಿನ್ನದ ಗಣಿಯ ಕಥೆಯನ್ನು ಚಿನ್ನದ ಕಡೆಯಿಂದ ಹೇಳುವವರೇ ಹೆಚ್ಚು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲೂರಿದುದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದುಬಂದು ಬೆಂಗಳೂರಿಗಿಂತ ಮೊದಲೇ ಇಲ್ಲಿ ದೀಪ ಬೆಳಗಿದುದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದುದು, ಇವೆಲ್ಲ ಹೆಮ್ಮೆಯ ಮಾತುಗಳೇ. ಆದರೆ ಆ ಆಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ, ಜಮೀನಿಲ್ಲದ, ಅಸ್ಪೃಶ್ಯರೆನಿಸಿಕೊಂಡಿದ್ದ ಆದಿದ್ರಾವಿಡ ಕೂಲಿಗಾರರು. ಬಂಡೆ ಸಿಡಿದು ಸತ್ತವರು ಅವರಲ್ಲಿ ಎಷ್ಟೋ ಮಂದಿ. ಕಲ್ಲಿನ ಧೂಳು ಎದೆಯಲ್ಲಿ ಕೂತು ಮೆಲ್ಲನೆ ಸತ್ತವರು ಇನ್ನೆಷ್ಟೋ ಮಂದಿ. ಅವರಿಗೆಂದು ಕಟ್ಟಿದ ಸಾಲುಮನೆಗಳಿಗೆ ಇಂದಿಗೂ ‘ಲೈನು’ ಎಂದೇ ಹೆಸರು. ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತೆಂಬುದು ನಿಜ. ಆದರೆ ಅಲ್ಲಿ ಮತ ಕೊಡಲು ಆಸ್ತಿಯೋ ವಿದ್ಯೆಯೋ ಇರಬೇಕಾಗಿತ್ತು. ಲೈನುಮನೆಯವನಿಗೆ ಎರಡೂ ಇರಲಿಲ್ಲ.

ಮೊದಲ ಕೆಲವು ವಾರ ಆಕೆಯ ಕೆಲಸ ಸುಗಮವಾಗಿ ಸಾಗಿದಂತೆ ತೋರಿತು. ಸುಗಮವಾಗಿ ಸಾಗಿದುದೇ ದೋಷವೆಂದು ಆಮೇಲೆ ತಿಳಿಯಿತು. ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸುತ್ತಿದ್ದರು, ಚಹಾ ಕೊಡುತ್ತಿದ್ದರು, ಪ್ರಶ್ನೆಗಳಿಗೆ ತಡೆಯಿಲ್ಲದೆ ಉತ್ತರಿಸುತ್ತಿದ್ದರು. ಕಳೆದ ಚುನಾವಣೆಯಲ್ಲಿ ಮತ ಹಾಕಿದಿರಾ? ಹಾಕಿದೆವು. ಏಕೆ ಹಾಕಿದಿರಿ? ನಮ್ಮ ಹಕ್ಕು. ಯಾರ ಮಾತನ್ನಾದರೂ ಕೇಳಿ ಹಾಕಿದಿರಾ? ಇಲ್ಲ, ನಮ್ಮ ಮನಸ್ಸಿಗೆ ಬಂದಂತೆ. ಎಲ್ಲ ಮನೆಗಳಲ್ಲಿಯೂ ಒಂದೇ ಉತ್ತರ. ತುಂಬಿದ ಹಾಳೆಗಳನ್ನು ರಾತ್ರಿ ಮನೆಯಲ್ಲಿ ಹರಡಿ ನೋಡಿದಾಗ, ಒಬ್ಬನೇ ವ್ಯಕ್ತಿ ಕೂತು ಎಲ್ಲವನ್ನೂ ತುಂಬಿದಂತೆ ಕಾಣುತ್ತಿತ್ತು. ಜನ ಸುಳ್ಳು ಹೇಳಿರಲಿಲ್ಲ. ಸರ್ಕಾರದ ಕಾಗದ ಹಿಡಿದು ಬಂದವರಿಗೆ ಹೇಳಬೇಕಾದುದನ್ನು ಹೇಳಿದ್ದರು, ಅಷ್ಟೆ.

ಮಾರಿಕುಪ್ಪಂ ಬಳಿಯ ಲೈನೊಂದರಲ್ಲಿ ವಯಸ್ಸಾದ ಒಬ್ಬ ಅಜ್ಜಿ ಇದ್ದರು. ಸುತ್ತಿನವರೆಲ್ಲ ಅವರನ್ನು ಪಾಟಿ ಎನ್ನುತ್ತಿದ್ದರು. ಪ್ರಶ್ನಾವಳಿಯ ಮೊದಲ ಪುಟದಲ್ಲಿ ಹೆಸರು, ವಯಸ್ಸುಗಳಾದ ಮೇಲೆ ‘ಜಾತಿ’ ಎಂಬ ಅಂಕಣವಿತ್ತು. ಆಕೆ ತಗ್ಗಿದ ದನಿಯಲ್ಲಿ ಅದನ್ನು ಕೇಳಿದಾಗ ಪಾಟಿ ಉತ್ತರ ಕೊಡಲಿಲ್ಲ.

“ನೀನು ಯಾವ ಊರು, ಕಣ್ಣು?” ಎಂದು ತಮಿಳಿನಲ್ಲಿ ಕೇಳಿದರು.

“ಬಂಗಾರಪೇಟೆ, ಪಾಟಿ.”

“ಬಂಗಾರಪೇಟೆಯಲ್ಲಿ ಎಲ್ಲಿ?”

ಆಕೆ ರೈಲು ನಿಲ್ದಾಣದ ಹತ್ತಿರ ಎಂದಳು. ಕೇಳಿದವರಿಗೆಲ್ಲ ಆಕೆ ಹೇಳುತ್ತಿದ್ದುದು ಅದನ್ನೇ. ಕಾಲೇಜಿನಲ್ಲಿ, ವಿದ್ಯಾರ್ಥಿನಿಲಯದಲ್ಲಿ, ಬಾಡಿಗೆ ಕೋಣೆ ಹುಡುಕುವಾಗ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿದ್ದ ಉತ್ತರ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪಾಟಿ ಸ್ವಲ್ಪ ಹೊತ್ತು ಆಕೆಯ ಮುಖವನ್ನೇ ನೋಡಿ, “ನಮ್ಮದನ್ನು ಕೇಳುತ್ತೀಯಲ್ಲ, ಆ ಕಾಗದದಲ್ಲಿ ನಿನ್ನದನ್ನು ಎಲ್ಲಿ ಬರೆದಿದ್ದೀ?” ಎಂದರು. ಕೋಪದಿಂದ ಅಂದ ಮಾತಲ್ಲ. ತಿಳಿಯಬೇಕೆಂದು ಕೇಳಿದ ಮಾತು.

ಆಕೆ ಪೆನ್ನನ್ನು ಮುಚ್ಚಿದಳು. ತಂದೆ ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗಿನ ಕೂಲಿ. ಮನೆ ಇರುವುದು ಪೇಟೆಯಲ್ಲಲ್ಲ, ಹೊರವಲಯದ ಕೇರಿಯಲ್ಲಿ. ತಾಯಿಯ ಊರಿನ ಬಾವಿಯಿಂದ ನೀರು ಸೇದಲು ಇಂದಿಗೂ ಅವರ ಮನೆಯವರು ಮುಂದಾಗುವುದಿಲ್ಲ. ಇಷ್ಟನ್ನೂ ಆಕೆ ಹೇಳಿದಳು. ಹೇಳುವಾಗ ಕಣ್ಣು ನೆಲದ ಮೇಲಿತ್ತು. ಪಾಟಿ ಎದ್ದು ಒಳಗೆ ಹೋಗಿ ಸ್ಟೂಲಿನ ಬದಲು ಒಂದು ಚಾಪೆ ತಂದು ಹಾಸಿದರು.

ಆ ಮಧ್ಯಾಹ್ನ ಪ್ರಶ್ನಾವಳಿ ಚೀಲದಿಂದ ಹೊರಕ್ಕೆ ಬರಲಿಲ್ಲ. ಪಾಟಿ ತಮ್ಮ ಮಾವನ ಕಥೆ ಹೇಳಿದರು. 1930ರಲ್ಲಿ ಗಣಿಯ ಕಂಪನಿಗಳು ಕೂಲಿಗಾರರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಬೆರಳಚ್ಚು ತೆಗೆಯುವುದು ಕಳ್ಳರದನ್ನು, ನಮ್ಮದನ್ನು ಏಕೆ ಎಂಬುದು ಅವರ ಪ್ರಶ್ನೆ. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಆಗ ಅಲ್ಲಿ ಕಾನೂನಿನ ಮನ್ನಣೆ ಪಡೆದ ಸಂಘವೂ ಇರಲಿಲ್ಲ, ಇವನೇ ಮುಂದಾಳು ಎಂದು ಬೊಟ್ಟು ಮಾಡಿ ತೋರಿಸಬಲ್ಲ ಹೆಸರೂ ಇರಲಿಲ್ಲ. ಈ ಮುಷ್ಕರದ ವಿಚಾರವನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಅವರ ಗ್ರಂಥದಲ್ಲಿ ಆಕೆ ಓದಿದ್ದಳು. ಆದರೆ ಗ್ರಂಥದಲ್ಲಿ ಓದುವುದು ಬೇರೆ, ಮುಷ್ಕರ ಹೂಡಿದವನ ಸೊಸೆಯ ಬಾಯಿಂದ ಕೇಳುವುದು ಬೇರೆ.

ಓದು ಬಾರದವರಿಗೆ ಇಂಥ ಮಾನಾಭಿಮಾನ ಎಲ್ಲಿಂದ ಬಂದಿತು ಎಂದು ಕೇಳುವವರುಂಟು. ಆ ಪ್ರಶ್ನೆಯಲ್ಲೇ ಒಂದು ಬಗೆಯ ಅಜ್ಞಾನವಿದೆ. ಗಣಿಯೂರಿನಲ್ಲಿ ಓದು ಬಲ್ಲವರಿಗೆ ಕೊರತೆಯಿರಲಿಲ್ಲ. ಪಂಡಿತ ಅಯೋತ್ತಿದಾಸರು ಮದರಾಸಿನಲ್ಲಿ 1907ರಿಂದ ನಡೆಸಿದ ತಮಿಳು ವಾರಪತ್ರಿಕೆಗೆ ಇಲ್ಲಿಯ ಕೆಲಸಗಾರರಲ್ಲಿ ಓದುಗರಿದ್ದರು. ಜಾತಿಯನ್ನು ತೊರೆದು ಬುದ್ಧನ ಮಾರ್ಗವನ್ನು ಹಿಡಿಯಬೇಕೆಂದು ಸಾರಿದ ಅವರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಗಣಿಯೂರಿನಲ್ಲಿಯೂ ಹುಟ್ಟಿದವು. ಡಾ. ಅಂಬೇಡ್ಕರರು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ 1956ಕ್ಕೆ ಎಷ್ಟೋ ದಶಕಗಳ ಮೊದಲಿನ ಮಾತಿದು. ಹಗಲೆಲ್ಲ ಭೂಮಿಯ ಕೆಳಗೆ ಕಲ್ಲು ಒಡೆದವರು ಮೇಲೆ ಬಂದು ಪತ್ರಿಕೆ ಓದುತ್ತಿದ್ದರು, ವಾದ ಮಾಡುತ್ತಿದ್ದರು. ರಾಜಕೀಯವೆಂಬುದು ಅವರಿಗೆ ಮತಪೆಟ್ಟಿಗೆಯ ಜೊತೆಗೆ ಬಂದುದಲ್ಲ.

ಪಾಟಿಯ ಮನೆಗೆ ನಾಲ್ಕು ಬಾಗಿಲು ಆಚೆ, ಗಣಿಯಿಂದ ನಿವೃತ್ತರಾದ ಒಬ್ಬ ವೃದ್ಧರಿದ್ದರು. 1946ರ ನವೆಂಬರ್ 4ರಂದು, ಮುಷ್ಕರದ ದಿನಗಳಲ್ಲಿ, ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಆಗ ಅವರು ಮೀಸೆ ಮೂಡದ ಹುಡುಗ. ಪ್ರತಿವರ್ಷವೂ ಆ ದಿನ ಒಗೆದ ಅಂಗಿ ತೊಟ್ಟು ಹುತಾತ್ಮರ ಸ್ಮಾರಕದ ಬಳಿಗೆ ಹೋಗಿಬರುವುದು ಅವರ ನೇಮ. ಸ್ವತಂತ್ರ ಭಾರತದ ಮೊದಲ ಚುನಾವಣೆಯಿಂದ ಹಿಡಿದು ಎಲ್ಲ ಚುನಾವಣೆಗಳೂ ಅವರಿಗೆ ಬಾಯಿಪಾಠವಾಗಿದ್ದವು. ಆ ಮೊದಲ ಚುನಾವಣೆಯಲ್ಲಿ ಇಡೀ ಮೈಸೂರು ರಾಜ್ಯದಿಂದ ವಿಧಾನಸಭೆಗೆ ಆಯ್ಕೆಯಾದ ಕಮ್ಯುನಿಸ್ಟರು ಒಬ್ಬರೇ, ಕೆ. ಎಸ್. ವಾಸನ್; ಅವರನ್ನು ಕಳುಹಿಸಿದುದು ಚಿನ್ನದ ಗಣಿ. ಅದೇ ಕ್ಷೇತ್ರದ ಎರಡನೆಯ ಸ್ಥಾನ ಅಂಬೇಡ್ಕರರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನಿಗೆ ದೊರೆಯಿತು. 1978ರಲ್ಲಿ ರಿಪಬ್ಲಿಕನ್ ಪಕ್ಷ ಗೆದ್ದಿತು. 1983ರಲ್ಲಿ ಅಣ್ಣಾ ಡಿಎಂಕೆ. 1985ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ. 1989ರಲ್ಲಿ ಮತ್ತೆ ಅಣ್ಣಾ ಡಿಎಂಕೆ. 1994ರಲ್ಲಿ ಮತ್ತೆ ರಿಪಬ್ಲಿಕನ್. ಕರ್ನಾಟಕದ ಉಳಿದ ಭಾಗಗಳಲ್ಲಿ ಹೆಸರೂ ಕೇಳದ ಪಕ್ಷಗಳು ಇಲ್ಲಿ ಗೆದ್ದವು.

ಇದನ್ನು ನೋಡಿದ ಹೊರಗಿನವರು, ಈ ಜನಕ್ಕೆ ಸ್ಥಿರಬುದ್ಧಿಯಿಲ್ಲ, ಹಣ ಕೊಟ್ಟವರ ಕಡೆಗೆ ವಾಲುತ್ತಾರೆ ಎಂದು ಸುಲಭವಾಗಿ ಹೇಳಿಬಿಡುತ್ತಿದ್ದರು. ಆಕೆಯೂ ತನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ, ನಯವಾದ ಮಾತುಗಳಲ್ಲಿ, ಹಾಗೆಯೇ ಬರೆದಿದ್ದಳು. ವೃದ್ಧರಿಗೆ ಅದನ್ನು ಓದಿ ಹೇಳಿದಾಗ ಅವರು ನಕ್ಕರು.

“ಹಣ ತೆಗೆದುಕೊಂಡವರು ಇಲ್ಲವೇ? ಇದ್ದಾರಮ್ಮ. ಹಸಿದವನು ಕೊಟ್ಟುದನ್ನು ತೆಗೆದುಕೊಳ್ಳುತ್ತಾನೆ. ತೆಗೆದುಕೊಂಡವನಿಗೇ ಮತ ಹಾಕಿದನೆಂದು ನಿನಗೆ ಹೇಳಿದವರಾರು? ಕೆಂಪು ಬಾವುಟ ಕೂಲಿ ಕೊಡಿಸುತ್ತೇನೆ ಅಂದಿತು. ನೀಲಿ ಬಾವುಟ ಮಾನ ಕೊಡಿಸುತ್ತೇನೆ ಅಂದಿತು. ಆಮೇಲೆ ಬಂದವರು ನಮ್ಮ ಮಾತು, ನಮ್ಮ ಪಳ್ಳಿಕೂಡ ಉಳಿಸುತ್ತೇನೆ ಅಂದರು. ನಮಗೆ ಮೂರೂ ಬೇಕಾಗಿತ್ತು. ಮೂರನ್ನೂ ಒಬ್ಬನೇ ಕೊಡುತ್ತೇನೆ ಅಂದದ್ದಿಲ್ಲ. ಆ ವರ್ಷ ಯಾವುದು ಹೆಚ್ಚು ಬೇಕೋ ನೋಡಿ ಹಾಕಿದೆವು.”

ಅಮೆರಿಕೆಯ ಕರಿಯರ ರಾಜಕೀಯವನ್ನು ಕುರಿತು ಮೈಕೇಲ್ ಡಾಸನ್ ಎಂಬ ವಿದ್ವಾಂಸರು 1994ರಲ್ಲಿ ಒಂದು ಗ್ರಂಥ ಪ್ರಕಟಿಸಿದ್ದರು. ಅಲ್ಲಿ ಅವರು ಒಂದು ವಿಚಾರವನ್ನು ಮಂಡಿಸುತ್ತಾರೆ. ಬಹುಕಾಲ ಒಟ್ಟಾಗಿ ತುಳಿತಕ್ಕೆ ಸಿಕ್ಕಿದವರಲ್ಲಿ ಒಬ್ಬೊಬ್ಬನ ಬಾಳು ಉಳಿದವರ ಬಾಳಿನೊಡನೆ ಹೆಣೆದುಕೊಂಡಿರುತ್ತದೆ. ಆದುದರಿಂದ ಅವನಲ್ಲಿ ಹಣವಿರಲಿ ಇಲ್ಲದಿರಲಿ, ತನಗೆ ಯಾವುದು ಒಳಿತು ಎಂಬುದನ್ನು ತನ್ನವರಿಗೆಲ್ಲ ಯಾವುದು ಒಳಿತು ಎಂಬುದರಿಂದಲೇ ಅಳೆಯುತ್ತಾನೆ. ಈ ಮಾತು ಗಣಿಯೂರಿಗೂ ಸಲ್ಲುತ್ತದೆಂದು ಆಕೆ ಮೊದಲು ಸಂಭ್ರಮಪಟ್ಟಳು. ಕೆಲವು ತಿಂಗಳಲ್ಲಿ ಆ ಸಂಭ್ರಮ ಕೊಂಚ ಇಳಿಯಿತು. ಒಂದೇ ಲೈನಿನಲ್ಲಿ ಬೌದ್ಧರಿದ್ದರು, ಕ್ರೈಸ್ತರಿದ್ದರು, ಮಾರಿಯಮ್ಮನ ಒಕ್ಕಲಿದ್ದರು. ತಮಿಳರ ಪಾಲಿಗೆ ಹೊರಗಿನವರಾಗಿ ಕಂಡ ಕನ್ನಡದ, ತೆಲುಗಿನ ದಲಿತರು ಸುತ್ತಣ ಹಳ್ಳಿಗಳಲ್ಲಿದ್ದರು. ಆಕೆಯ ಮನೆಯವರೇ ಅಂಥವರು. ಗಾಡಿಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಬೆಂಗಳೂರಿಗೆ ಹೋಗುವ ಈ ಇಬ್ಬರ ಬಾಳೂ ಹೆಣೆದುಕೊಂಡಿದೆಯೆ? ಬೇರೆ ದೇಶದಲ್ಲಿ ಹುಟ್ಟಿದ ಸಿದ್ಧಾಂತವನ್ನು ಹೊಲಿದ ಅಂಗಿಯಂತೆ ತಂದು ತೊಡಿಸಲಾಗದೆಂದು ಆಕೆ ಕಂಡುಕೊಂಡಳು. ಎಲ್ಲೋ ತೋಳು ಗಿಡ್ಡ, ಎಲ್ಲೋ ಎದೆ ಬಿಗಿ.

ಒಂದು ತೊಡಕು ಮಾತ್ರ ಉಳಿದುಕೊಂಡಿತು. ಇಷ್ಟೆಲ್ಲ ಬಲ್ಲ ಆ ವೃದ್ಧರು ಗಣಿ ಮುಚ್ಚಿದ ಮೇಲೆ ಮತ ಹಾಕುವುದನ್ನು ಬಿಟ್ಟಿದ್ದರು. ಮೈಸೂರು ಸರ್ಕಾರ 1956ರಲ್ಲಿ ಕಂಪನಿಗಳಿಂದ ಗಣಿಗಳನ್ನು ವಶಪಡಿಸಿಕೊಂಡಾಗ ಲೈನುಗಳಲ್ಲಿ ಹಂಚಿದ ಸಿಹಿಯನ್ನು ಅವರು ಮರೆತಿರಲಿಲ್ಲ. ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದುದನ್ನೂ ಮರೆತಿರಲಿಲ್ಲ. “ನಮ್ಮದೇ ಸರ್ಕಾರ ತೆಗೆಯಿತು, ನಮ್ಮದೇ ಸರ್ಕಾರ ಮುಚ್ಚಿತು. ಯಾರ ಮೇಲೆ ಮುಷ್ಕರ ಹೂಡಲಿ?” ಎನ್ನುತ್ತಿದ್ದರು. ಪ್ರಶ್ನಾವಳಿಯ ಲೆಕ್ಕದಲ್ಲಿ ಮತ ಹಾಕದವನು ‘ಆಸಕ್ತಿಯಿಲ್ಲದವನು’. ನವೆಂಬರ್ 4ರಂದು ತಪ್ಪದೆ ಸ್ಮಾರಕಕ್ಕೆ ಹೋಗುವವರನ್ನು ಆಸಕ್ತಿಯಿಲ್ಲದವರ ಸಾಲಿಗೆ ಸೇರಿಸಲು ಆಕೆಗೆ ಕೈಬರಲಿಲ್ಲ. ಹೊಸ ಅಂಕಣವೊಂದು ಬೇಕೆಂದು ಮಾರ್ಗದರ್ಶಕರನ್ನು ಕೇಳಿದಳು. ಒಬ್ಬರಿಗಾಗಿ ಅಂಕಣವನ್ನು ಹೆಚ್ಚಿಸಲಾಗದು ಎಂದರು ಅವರು. ಅಂಕಿಅಂಶಗಳ ದೃಷ್ಟಿಯಿಂದ ಅದು ಸರಿಯಾದ ಮಾತೇ. ಆಕೆ ಹಿಂತಿರುಗಿ ಹೋಗಿ ಹುಡುಕಿದಳು. ಅಂಥವರು ಒಬ್ಬರೇ ಆಗಿರಲಿಲ್ಲ. ಕಡೆಗೆ ಅಂಕಣ ಸೇರಿತು.

ಪಾಟಿಯಾದರೋ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಗಂಡ ಧೂಳಿನ ರೋಗದಿಂದ ತೀರಿಕೊಂಡ ವರ್ಷವೂ ಹೋಗಿದ್ದರು. ಏಕೆಂದು ಆಕೆ ಕೇಳಿದಾಗ ಬಂದ ಉತ್ತರ ಯಾವ ಗ್ರಂಥದಲ್ಲಿಯೂ ಇರಲಿಲ್ಲ. ಲೈನಿನ ಒಂದೇ ಕೋಣೆಯಲ್ಲಿ ಅತ್ತೆ, ಮಾವ, ಗಂಡ, ಮೈದುನರು, ಆರು ಮಕ್ಕಳು. ಅಡಿಗೆ ಅಲ್ಲೇ, ಹೆರಿಗೆ ಅಲ್ಲೇ, ಸಾವೂ ಅಲ್ಲೇ. ನೀರಿಗೆ ಹೋದರೆ ಕೊಳಾಯಿಯ ಮುಂದೆ ಜನ, ಬಯಲಿಗೆ ಹೋದರೆ ಜೊತೆಗೆ ಜನ. “ಆ ಅಟ್ಟೆಯ ಮರೆಯಲ್ಲಿ ಮಾತ್ರ ಯಾರೂ ಇರುವುದಿಲ್ಲ, ಕಣ್ಣು. ಅಲ್ಲಿ ನಾನೊಬ್ಬಳೇ. ಅವರು ಒಂದಕ್ಕೆ ಹಾಕು ಅನ್ನುತ್ತಿದ್ದರು, ನಾನು ಇನ್ನೊಂದಕ್ಕೆ ಹಾಕಿ ಬರುತ್ತಿದ್ದೆ” ಎಂದು ಹೇಳಿ, ತೀರಿಹೋದ ಗಂಡ ಕೇಳಿಸಿಕೊಂಡಾರೆಂಬಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

2004ರ ಏಪ್ರಿಲಿನಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಚುನಾವಣೆ ಬಂದಿತು. ಮತದಾನದ ದಿನ ಬೆಳಿಗ್ಗೆಯೇ ಆಕೆ ಗಣಿಯೂರಿಗೆ ಬಂದು, ಶಾಲೆಯೊಂದರಲ್ಲಿದ್ದ ಮತಗಟ್ಟೆಯಿಂದ ತಕ್ಕಷ್ಟು ದೂರದಲ್ಲಿ ಹುಣಿಸೆಯ ಮರದ ಕೆಳಗೆ ಕೂತಳು. ಬಿಸಿಲೇರಿದಂತೆ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಎದ್ದು, ಸಣ್ಣ ಬಿಳಿಯ ಧೂಳು ಸಾಲಿನಲ್ಲಿ ನಿಂತವರ ಮೇಲೆಲ್ಲ ಕೂರುತ್ತಿತ್ತು. ಬೆಂಗಳೂರಿನ ಕೆಲಸಕ್ಕೆ ಅಂದು ಹೋಗದೆ ಉಳಿದ ಹುಡುಗರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಮರದ ಬುಡದಲ್ಲಿ ಆ ವೃದ್ಧರು ಮೊದಲೇ ಬಂದು ಕೂತಿದ್ದರು. ಅಂಗಿ ಒಗೆದಿತ್ತು.

“ತಾತಾ, ಮತ ಹಾಕಲು ಬಂದಿರಾ?”

“ಇಲ್ಲಮ್ಮ. ಯಾರು ಬರುತ್ತಾರೆ, ಯಾರು ಬರುವುದಿಲ್ಲ, ನೋಡುತ್ತಿದ್ದೇನೆ. ನಿನ್ನ ಹಾಗೇ.”

ಹತ್ತು ಗಂಟೆಗೆ ಪಾಟಿ ಮೊಮ್ಮಗನ ತೋಳು ಹಿಡಿದು ಬಂದರು. ಒಳಗೆ ಅವನನ್ನು ಜೊತೆಗೆ ಬಿಡಬೇಕೆ ಎಂದು ಅಧಿಕಾರಿ ಕೇಳಿದಾಗ ಬೇಡವೆಂದು ತಲೆಯಾಡಿಸಿ ಒಬ್ಬರೇ ಹೋದರಂತೆ. ಹೊರಗೆ ಬಂದು ಮರದ ಕೆಳಗೆ ಕುಳಿತು, ಎಡಗೈಯ ತೋರುಬೆರಳನ್ನು ನೀಡಿ ಶಾಯಿಯ ಗುರುತನ್ನು ತೋರಿಸಿದರು. ಕಂಪನಿಗೆ ಬೆರಳು ಕೊಡದ ಮಾವ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ ಎಂದು ಆಕೆ ಕೇಳಿದಳು. “ಅವರೂ ಮೊದಲನೆಯ ಸಲ ಹಾಕಿ ಬಂದು ಮೂರು ದಿನ ಆ ಬೆರಳನ್ನು ನೀರಿಗೆ ತಾಗಿಸಲಿಲ್ಲ” ಎಂದರು ಪಾಟಿ.

ವೃದ್ಧರು ಆ ಬೆರಳನ್ನು ನೋಡಿದರು. ಬಳಿಕ ಸಂಶೋಧಕಿಯ ಕೈಯನ್ನು ನೋಡಿದರು. ಆ ಕೈಯಲ್ಲಿ ಪೆನ್ನಿತ್ತು, ಬೆರಳಿನಲ್ಲಿ ಗುರುತಿರಲಿಲ್ಲ.

“ನಿನ್ನದು ಎಲ್ಲಮ್ಮ?”

ಆಕೆಯ ಹೆಸರು ಇದ್ದುದು ಬಂಗಾರಪೇಟೆಯ ಪಟ್ಟಿಯಲ್ಲಿ. ಬೆಳಿಗ್ಗೆ ಮತಗಟ್ಟೆ ತೆರೆಯುವ ಮೊದಲೇ ಹೊರಟುಬಂದಿದ್ದಳು. ಒಂದು ದಿನದ ಕೆಲಸ ಕೆಡುತ್ತದೆಂದು, ಈ ಸಲ ಹೋದರೆ ಹೋಗಲೆಂದು ಮನಸ್ಸಿನಲ್ಲಿಯೇ ಬಿಟ್ಟುಬಿಟ್ಟಿದ್ದಳು. ಅದನ್ನು ಅಲ್ಲಿ ಹೇಳುವುದು ಹೇಗೆ? ಪಾಟಿ ಏನನ್ನೂ ಕೇಳದೆ ಮೊಮ್ಮಗನನ್ನು ಕರೆದು, ಅಕ್ಕನನ್ನು ರಾಬರ್ಟ್‌ಸನ್‌ಪೇಟೆಯ ಬಸ್ಸಿಗೆ ಹತ್ತಿಸಿ ಬಾ ಎಂದರು. ವೃದ್ಧರು ಟಿಪ್ಪಣಿಯ ಪುಸ್ತಕವನ್ನು ಇಲ್ಲಿ ಕೊಡು ಎಂದು ಕೈ ಚಾಚಿದರು. ಬಂದವರ ಲೆಕ್ಕವನ್ನು ಸಂಜೆಯವರೆಗೆ ತಾವು ಬರೆದಿಡುತ್ತೇವೆ ಎಂದರು.

ಬಂಗಾರಪೇಟೆಯಲ್ಲಿ ಇಳಿದಾಗ ಮೂರೂವರೆ ಗಂಟೆ. ಕೇರಿಯ ಹತ್ತಿರದ ಶಾಲೆಯ ಮುಂದೆ ಸಾಲು ಕರಗಿತ್ತು. ತಂದೆ ಗೇಟಿನ ಬಳಿ ನಿಂತಿದ್ದರು. ಬೆಳಗಿನಿಂದ ಆಗಾಗ ಬಂದು ನೋಡಿಹೋಗುತ್ತಿದ್ದರೆಂದು ಆಮೇಲೆ ತಾಯಿ ಹೇಳಿದರು. ಮಗಳನ್ನು ಕಂಡು ಅವರು ಏನೂ ಅನ್ನಲಿಲ್ಲ. ಜೇಬಿನಿಂದ ಮಡಿಸಿದ ಮತದಾರರ ಚೀಟಿಯನ್ನು ತೆಗೆದು ಆಕೆಯ ಕೈಗಿತ್ತು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.